ಪ್ರಶ್ನೆ ಇಪ್ಪತ್ತೆರಡು

ಪ್ರಶ್ನೆ ಇಪ್ಪತ್ತೆರಡು: ರಾಸಾಯನಿಕ ಬಿಟ್ಟು, ಸುಡುವುದು ಬಿಟ್ಟು
ಈ ಪದ್ಧತಿಗೆ ಬರಲು ತಮಗೆ ಪ್ರೇರಣೆ ಏನು?
ಕೆಳಗೆ ಐದು ಚೌಕ. ನನಗೆ ದಿನಕ್ಕೆ ನಾನೂರು ರೂಪಾಯಿ,
ಒಂದು ಟೋಪಿ. ಮಟ್ಟುವಿನ ಕಿಂಡಿ ಅಣೆಕಟ್ಟು ದಾಟಿದರೆ
ಉಪ್ಪುಗಾಳಿ, ನೆರಳಿಲ್ಲ.

ಲಾಜರಸ್ ಕರ್ಡೋಜ ಹುಣಿಯ ಮೇಲೇ ಕೂತಿದ್ದರು.
'ಪ್ರೇರಣೆಯಾ? ಹೊಟ್ಟೆಕಿಚ್ಚು, ಬರೆಯಿರಿ.
ತೆನೆಹಬ್ಬಕ್ಕೆ ನಾಲ್ಕು ದಿನ ಇರುವಾಗ ಬಂತು ಗಾಳಿ.
ಯೂರಿಯಾ ಕುಡಿದ ನನ್ನ ಪೈರು, ಅಷ್ಟೆತ್ತರ, ಕಡುಹಸಿರು,
ಮದುವೆಮನೆಯ ಕುಡುಕನ ಹಾಗೆ ಅಡ್ಡಬಿತ್ತು.
ಹುಣಿಯ ಆಚೆ ಬಾಬು ಪೂಜಾರಿಯದ್ದು
ಬರೀ ಸೆಗಣಿ, ಸೊಪ್ಪು. ನಿಂತಿತ್ತು ಮಾರಾಯರೇ,
ಗುರಿಕಾರನ ಹಾಗೆ.
ಅವನು ಒಂದು ಮಾತು ಆಡಲಿಲ್ಲ.
ಆಡಿದ್ದರೆ ನಾನು ಬದಲಾಗುತ್ತಿರಲಿಲ್ಲ.'

ಚೌಕಗಳಲ್ಲಿ ಹುಡುಕಿದೆ. ಸಹಾಯಧನ. ತರಬೇತಿ. ಮಾರುಕಟ್ಟೆ.
ಪರಿಸರ ಪ್ರಜ್ಞೆ.
ಇತರೆ, ವಿವರಿಸಿ.

ಬಾಬು ಮನೆಯಲ್ಲಿರಲಿಲ್ಲ. ತಾಯಿ ಜಲಜಕ್ಕ
ಗುಳ್ಳದ ಬುಡಕ್ಕೆ ಮಣ್ಣು ಏರಿಸುತ್ತಾ ನಕ್ಕಳು.
'ಅವನು ಬಿಟ್ಟದ್ದಾ? ಸೊಸೈಟಿಗೆ ಗೊಬ್ಬರ ಬಂದದ್ದೇ ತಡ ಆ ವರ್ಷ.
ಬರುವಾಗ ಪೈರು ಮೊಣಕಾಲು ಮುಟ್ಟಿತ್ತು.
ಇನ್ನೆಂತ ಹಾಕುವುದು ಅಂತ ಬಿಟ್ಟ, ಅಷ್ಟೇ.'

ನನ್ನ ಹಾಳೆಯ ತಲೆಬರಹ ಓದಿಸಿಕೊಂಡಳು.
'ಇಂಗಾಲ ಅಂದರೆ ಮಸಿಯೇ ಅಲ್ಲವಾ ಮಗಾ?
ಅದು ನನಗೆ ಗೊತ್ತುಂಟು. ಸುಡುಮಣ್ಣಿನ ರಾಶಿಗೆ
ನಲವತ್ತು ವರ್ಷ ಬೆಂಕಿ ಕೊಟ್ಟವಳು,
ಸೀನಿದರೆ ಕಪ್ಪು.
ಸೊಸೆ ಹೆತ್ತು ಹನ್ನೊಂದನೆಯ ದಿನ
ಹೊಗೆ ತೊಟ್ಟಿಲ ಕಡೆ ತಿರುಗಿತು. ಎರಡು ಕೊಡ ನೀರು
ಸುರಿದು ಆರಿಸಿದೆ. ನಾಳೆ ಕೊಡುವಾ ಬೆಂಕಿ ಅಂದುಕೊಂಡೆ.
ನಾಳೆ ಮಳೆ. ಆಮೇಲೆ ನಾಟಿ. ಆಮೇಲೆ ಮರೆತೆ.
ರಾಶಿ ಕೆದಕಿದರೆ ಎರೆಹುಳು, ಬೆರಳು ಬೆರಳು ದಪ್ಪ.
ಅವು ದುಡಿಯುವಾಗ ನಾನು ಯಾಕೆ ಬೆವರುವುದು?'

'ಹಾಗಾದರೆ ಪರಿಸರಕ್ಕಾಗಿ...' ಅಂದೆ.
'ಮಗು ಈಗ ಎರಡನೇ ಕ್ಲಾಸು,' ಅಂದಳು
ನಾನು ಕೇಳಿದ್ದು ಅದನ್ನೇ ಎಂಬಂತೆ.

ಇತರೆಯ ಎದುರು ಇದ್ದದ್ದು ಅರ್ಧ ಗೆರೆ ಜಾಗ.
ಕಟಪಾಡಿಯ ಬಸ್ಸು ಐದೂಮುಕ್ಕಾಲಿಗೆ.
ಪರಿಸರ ಪ್ರಜ್ಞೆಗೆ ಸರಿ ಗುರುತು ಹಾಕಿದೆ,
ಮೂವರಿಗೂ, ಬಾಬುವಿಗೂ ಸೇರಿಸಿ.

ಅವಳು ಕೊಟ್ಟ ನಾಲ್ಕು ಗುಳ್ಳ ತೊಡೆಯ ಮೇಲೆ, ತೊಟ್ಟೆಯಲ್ಲಿ.
ಬಸ್ಸು ಹೊಂಡಕ್ಕೆ ಇಳಿದಾಗಲೆಲ್ಲ
ತೊಟ್ಟಿನ ಮುಳ್ಳು ಪ್ಲಾಸ್ಟಿಕ್ ಹರಿದು ಚುಚ್ಚಿತು.
ಪಕ್ಕದ ಸೀಟು ಖಾಲಿಯೇ ಇತ್ತು. ಉಡುಪಿಯವರೆಗೂ
ಅವನ್ನು ಅಲ್ಲಿ ಇಡಲಿಲ್ಲ.