ನೀರೊಳಗಿನ ಎಮ್ಮೆ

ಇಪ್ಪತ್ತೊಂಬತ್ತು ವರ್ಷ ಎಮ್ಮೆಗಳ ಬಾಯಿ ಬಿಡಿಸಿ
ಹಲ್ಲೆಣಿಸಿ ಹೇಳಿದವನು ನಾನು:
ಅವರಂದ ಪ್ರಾಯಕ್ಕೆ ಇನ್ನೆರಡು ಸೇರಿಸು,
ಕೆಚ್ಚಲು ಸರಿ, ಹಿಂಗಾಲು ನೋಡಿಕೋ.
ಅಂಥ ಒಂದು ಹಿಂಗಾಲೇ ಹಳದೀಪುರದ ಕೊಟ್ಟಿಗೆಯಲ್ಲಿ
ನನ್ನ ಎಡಮಂಡಿಗೆ ಬಿತ್ತು.
ಅಂದಿನಿಂದ ಕ್ಲಚ್ಚು ಒತ್ತಿದರೆ ಸಾಕು,
ಒಳಗೆ ಯಾರೋ ಕಾಯಿ ಹೆರೆಯುತ್ತಾರೆ.

ಹಾಗಾಗಿ ಅಮದಳ್ಳಿಯ ಈ ಅಂಗಳ,
ಈ ಆಟೋಮ್ಯಾಟಿಕ್ ಕಾರು.
ಬೆಳ್ಳಿ ಬಣ್ಣ. ಏಳು ವರ್ಷ. ಅರವತ್ತೆರಡು ಸಾವಿರ ಕಿಲೋಮೀಟರು.
ನೌಕಾನೆಲೆಯ ಬೆಹೆರಾನಿಗೆ ವಿಶಾಖಪಟ್ಟಣಕ್ಕೆ ವರ್ಗ,
ಟ್ರಂಕುಗಳ ಮೇಲೆ ಆಗಲೇ ಬಿಳಿ ಬಣ್ಣದ ಹೆಸರು.
ಹಡಗಿನ ಮನುಷ್ಯ, ಕಾರನ್ನೂ ಹಡಗಿನಂತೆ ತಿಕ್ಕಿದ್ದಾನೆ,
ಟಯರಿಗೂ ಎಣ್ಣೆ.
ಸಂತೆಗೆ ಹೊಡೆಯುವ ಮುಂಚೆ ಎಮ್ಮೆಗೂ ಹೀಗೇ ಹಚ್ಚುತ್ತಾರೆ,
ನನಗೆ ಗೊತ್ತು.

ಆದರೆ ಗೇರುಪೆಟ್ಟಿಗೆ?
ಕಾಣುವುದು ಒಂದು ಹಿಡಿಕೆ, ಪಕ್ಕದಲ್ಲಿ ಪಿ, ಆರ್, ಎನ್, ಡಿ,
ಬಾಲವಾಡಿಯ ಗೋಡೆಯಲ್ಲಿ ಉಳಿದಕ್ಷರ ಉದುರಿಹೋದ ಹಾಗೆ.
ಉಳಿದದ್ದೆಲ್ಲ ಕತ್ತಲಲ್ಲಿ ಎಣ್ಣೆಯಲ್ಲಿ ಮುಳುಗಿ ಕೂತಿದೆ.
ನೀರೊಳಗಿನ ಎಮ್ಮೆಗೆ ನೆಲದ ಮೇಲೆ ವ್ಯಾಪಾರ:
ಬೇರೆಯವರಿಗೆ ಬೈಯಲೆಂದು ಅಜ್ಜಿ ಇಟ್ಟುಕೊಂಡಿದ್ದ ಗಾದೆ
ತಿರುಗಿ ನನಗೇ ಬಂತು.

ಜೊತೆಗೆ ಕೋಡಿಬಾಗದ ಮೆಕ್ಯಾನಿಕ್ ಅಗ್ನೇಲ್.
ಕಡ್ಡಿ ಎಳೆದು, ಎಣ್ಣೆ ಬೆರಳಿಗೆ ತಾಗಿಸಿ, ಮೂಸಿದ.
ನಾನು ಸಗಣಿ ಮೂಸುವುದೂ ಹೀಗೇ.
"ಸುಟ್ಟಿಲ್ಲ. ಎಳೆಯದೂ ಅಲ್ಲ.
ಕೈಗೇರಾದರೆ ರಾತ್ರಿ ಒಂಬತ್ತಕ್ಕೂ ನಾನೇ ಬಿಚ್ಚುತ್ತೇನೆ.
ಇದು ಕೆಟ್ಟರೆ ಹುಬ್ಬಳ್ಳಿ, ಇಲ್ಲಾ ಮಡಗಾಂವ್,
ಲಾರಿ ಮೇಲೆ ಹೇರಿಕೊಂಡು.
ಅಲ್ಲಿ ಬಿಲ್ಲು ಬರೆಯುವವನು ಟೈ ಕಟ್ಟಿರುತ್ತಾನೆ."

ಸುರಂಗ ಬೇಡ, ಬಿಣಗಾದ ಹಳೇ ಏರಿಗೆ ಹತ್ತಿಸಿ ಎಂದ.
ಓಡಿಸುವುದು ನಾನು, ಕೇಳುವುದು ಅವನು, ಕಣ್ಣು ಮುಚ್ಚಿ.
ಒಂದು.
ಎರಡು.
ಎರಡರಿಂದ ಮೂರಕ್ಕೆ ಹೋಗುವಲ್ಲಿ ತುಸು ತಡೆಯಿತು,
ಸಾಲ ಕೇಳಿದಾಗ ಉತ್ತರಕ್ಕೆ ಮುಂಚೆ
ಮೂಗು ಒರೆಸಿಕೊಳ್ಳುವ ನೆಂಟನ ಹಾಗೆ.
ಆಮೇಲೆ ಹೋಯಿತು.
ಕೆಳಗೆ ಕಡಲಿತ್ತು, ಇರಲೇಬೇಕು; ನಾನು ನೋಡಲಿಲ್ಲ.
ಏರಿನ ನಡುವೆ ನಿಲ್ಲಿಸಿ ಬ್ರೇಕು ಬಿಟ್ಟೆವು. ಹಿಂದೆ ಜಾರಲಿಲ್ಲ.
"ಮತ್ತೊಮ್ಮೆ."
ಅದೇ ತಡೆ. ಅದೇ ಜಾಗ.

"ಏ ಒನ್ ಗಾಡಿ, ಒಂದು ದೂರಿಲ್ಲ," ಎಂದ ಬೆಹೆರಾ.
ಹೆಂಡತಿ ಸಸ್ಮಿತಾ ಒಣಗಿದ ಬಟ್ಟೆ ತೆಗೆಯುತ್ತ, ಹಗ್ಗದ ಆಚೆಯಿಂದ,
ಮೀನು ಮಾರುವವರ ಹತ್ತಿರ ಮೂರು ವರ್ಷ ಕಲಿತ ಕನ್ನಡದಲ್ಲಿ:
"ಎರಡು ಮೂರು ನಡುವೆ ಸ್ವಲ್ಪ ಯೋಚನೆ ಮಾಡ್ತದೆ ಅದು.
ಎರಡು ವರ್ಷ ಆಯ್ತು. ಕಾಲು ಸ್ವಲ್ಪ ಎತ್ತಿದ್ರೆ ಹೋಗ್ತದೆ."
ಗಂಡ ಅವಳ ಕಡೆ ನೋಡಿದ.
ಅವಳು ಕ್ಲಿಪ್ಪು ಎಣಿಸುತ್ತಿದ್ದಳು.

ಒದೆಯುವ ಎಮ್ಮೆಯನ್ನು ಒದೆಯುತ್ತದೆ ಎಂದು ಹೇಳಿ ಮಾರಿದವರನ್ನು
ನಾನು ಕಂಡಿಲ್ಲ.
ಹಳದೀಪುರದವನೂ ಹೇಳಿರಲಿಲ್ಲ.

"ಎರಡು ವರ್ಷದಿಂದ ಅಷ್ಟೇ ಅಂದ್ರೆ ಬೆಳೀತಾ ಇಲ್ಲ," ಅಗ್ನೇಲ್.
ಇನ್ನೆಷ್ಟು ವರ್ಷ ಎಂದೆ.
ಕೈಯೊರೆಸುತ್ತ ಅವನು:
"ಸಾಯ್ಬಾ, ನೀವು ಎಮ್ಮೆಗೆ ಸರ್ಟಿಫಿಕೇಟು ಕೊಡ್ತೀರಲ್ಲ,
ಅದರಲ್ಲಿ ಏನು ಬರೀತೀರಿ?"

ಪರೀಕ್ಷಿಸಿದ ದಿನದಂದು ಆರೋಗ್ಯವಾಗಿದೆ.
ಸಹಿ. ನೇರಳೆ ಮೊಹರು.
ಮರುದಿನದ ಬಗ್ಗೆ ಸರಕಾರ ನನ್ನನ್ನು ಕೇಳಿದ್ದೇ ಇಲ್ಲ.

ತಡೆಗೆಂದು ಮೂವತ್ತು ಸಾವಿರ ಇಳಿಸಿದೆ.
ಹೇಳಿದ್ದಕ್ಕೆಂದು ಅದರಲ್ಲಿ ಐದು ಬಿಟ್ಟೆ.
ಅಗ್ನೇಲ್ ಇದಕ್ಕೆ ನಕ್ಕಿದ್ದು ನನಗೆ ಕೇಳಿಸಿತು.

ಈಗ ಅಂಕೋಲೆಯ ದಾರಿ. ಮಂಡಿ ಸುಮ್ಮನಿದೆ.
ಎಡಗಾಲಿಗೆ ಮಾತ್ರ ಇನ್ನೂ ನಂಬಿಕೆಯಿಲ್ಲ:
ಹಟ್ಟಿಕೇರಿ ಸೇತುವೆ ದಾಟಿ ವೇಗ ಹಿಡಿಯುವಾಗ,
ಎರಡು ಮೂರರ ನಡುವೆ,
ಕಾರು ಯೋಚಿಸುವ ಆ ಗಳಿಗೆಯಲ್ಲಿ
ಚಪ್ಪಲಿಯೊಡನೆ ಎದ್ದು
ಇಲ್ಲದ ಕ್ಲಚ್ಚನ್ನು ಒತ್ತುತ್ತದೆ.