ತಿ ಅಕ್ಷರದ ಪುಟ

ಗದಗಿನ ಟೇಶನ್ ರೋಡಿನ ಪ್ರೆಸ್ಸಿನಾಗ
ಅಸುಂಡಿ ಮಾಸ್ತರ ನಿಘಂಟಿನ ಕರಡು ತಿದ್ದೋ ಕೆಲಸ ನನ್ನದು,
ಪುಟಕ್ಕ ಎಂಟಾಣೆ.
ಅವತ್ತು ಬಂದದ್ದು ‘ತಿ’.
ತಿಂಗಳು, ತಿಂಡಿ,
ಅದರ ಕೆಳಗ, ಮಸಿ ಇನ್ನೂ ಹಸೀ ಇದ್ದ
ತಿಂಡಿಪೋತ.

“ಪೋತ ಅಂದ್ರ ಹೋತ,” ಅಂದ್ರು ಮಾಸ್ತರು,
ಎಲಿ ಅಡಕಿ ಗಲ್ಲದಾಗ ಸರಿಸಿ.
“ಪಾಲು ಹಾಲಾತು, ಪೂವು ಹೂವಾತು, ಪಾವು ಹಾವಾತು.
ಊರ ಮಂದಿಯೆಲ್ಲ ಪಕಾರ ಬಿಟ್ಟು ಹಕಾರಕ್ಕ ಗುಳೆ ಹೊಂಟಾಗ
ಇದೊಂದು ಪೋತ ತಿಂಡಿ ಮುಂದ ಕುಂತಿತ್ತು ನೋಡು,
ತಿನ್ನೋದು ಮುಗಿದಿರಲಿಲ್ಲ, ಏಳಲಿಲ್ಲ.”
ಖರೆನೋ, ಮಾಸ್ತರ ಚಾಷ್ಟಿನೋ.
ಮಾಬುಸಾಬ ನಕ್ಕ. ಅವನ ಬೆರಳಿನಾಗಿನ ಸೀಸದ ಪ
ಹೊಟ್ಟಿ ಮುಂದ ಮಾಡಿ ನಿಂತಂಗ ಕಂಡಿತು.

“ಹೆಂಗಸಿಗೆ ಏನಂತಾರ್ರಿ?” ಕೇಳಿದೆ.
“ಹೋತಕ್ಕ ಹೆಣ್ಣು ಎಲ್ಲಿಂದ ಬರಬೇಕವಾ? ಅದು ಆಡು.”
ಸುಣ್ಣದ ಬೆರಳು ಕಂಬಕ್ಕ ಒರಸಿ
ಮುಂದಿನ ಶಬ್ದಕ್ಕ ಹ್ವಾದ್ರು.

ಆಡು ಮುಟ್ಟದ ಸೊಪ್ಪಿಲ್ಲ ಅಂತ
ಗಾದಿ ಕಟ್ಟಿದವರು
ಆ ಹಸಿವಿಗೆ ಒಂದು ಹೆಸರು ಇಡಲಿಲ್ಲ.

ನಮ್ಮವ್ವನ್ನ ಒಮ್ಮೆ ನೋಡೇನಿ.
ಮಂಗಳವಾರ, ಬೆಟಗೇರಿಯಿಂದ ನೂಲಿನ ಲಡಿ ಕೊಡಾಕ ಬಂದಾಕಿ
ಟಾಂಗಾ ಸ್ಟ್ಯಾಂಡಿನ ಹಿಂದ
ಗ್ವಾಡಿಗೆ ಮಾರಿ ಮಾಡಿ
ಮಿರ್ಚಿ ತಿನ್ನೋದು. ಒಂದಲ್ಲ ಎರಡಲ್ಲ,
ಐದು.
ಬಿಸಿಗೆ ಬಾಯಿತುಂಬ ಹಾ ಹಾ ಅಂತ,
ದೇಟು ಸೈತ ಬಿಡಲಾರದ,
ಆಮ್ಯಾಲೆ ಕಾಗದದಾಗ ಉಳಿದ ಹಿಟ್ಟಿನ ಚೂರು
ಬೆರಳಿಗೆ ಎಂಜಲ ಹಚ್ಚಿ ಎತ್ತಿ ಎತ್ತಿ.
ಸೆರಗು ಜಾರಿದ್ದು ಗೊತ್ತಿರಲಿಲ್ಲ.
ಅಷ್ಟು ಚಂದ ಆಕಿ
ಯಾರ ಮದುವ್ಯಾಗೂ ಕಂಡಿಲ್ಲ.

ರಾತ್ರಿ ನಮ್ಮ ತಾಟಿಗೆ ರೊಟ್ಟಿ ಹಾಕಿ
“ನನಗ ಹಸಿವಿಲ್ಲ” ಅಂದಳು.
ದಿನಾ ಅನ್ನೋ ಮಾತು.
ಅವತ್ತೊಂದು ದಿನ ಖರೇ ಇತ್ತು.

ಕರಡಿನ ಅಂಚಿಗೆ ಕೆಂಪು ಶಾಯಿಲೆ ಬರದೆ:
ತಿಂಡಿಪೋತಿ, ಸ್ತ್ರೀ.
ಅರ್ಥದ ಜಾಗಾ ಖಾಲಿ ಬಿಟ್ಟೆ.
ಮಾಬುಸಾಬ ಏನೂ ಕೇಳಲಿಲ್ಲ, ಮೊಳೆ ಜೋಡಿಸಿದ.
ಎರಡನೇ ಕರಡಿನಾಗ ಮಾಸ್ತರು
“ಇದ್ಯಾವ ಶಬ್ದವಾ ತಂಗಿ, ಯಾರೂ ಬರದಿಲ್ಲ” ಅಂತ
ಗೀಟು ಎಳದ್ರು.

ಆ ಪುಟಕ್ಕೂ ಎಂಟಾಣೆ ಬಂತು.
ಮನಿ ದಾರ್ಯಾಗ ಎರಡು ಮಿರ್ಚಿ ಕೊಂಡೆ,
ಸಂತಿ ಮಂದಿಯೆಲ್ಲ ಹಾದು ಹೋಗೋ ಹೊತ್ತಿನಾಗ
ಗ್ವಾಡಿಗೆ ಬೆನ್ನು ಮಾಡಿ ನಿಂತು ತಿಂದೆ.