ಬಿಳಿ ಪಾವತಿ

ನನ್ನ ಕೊರಳಾಗ ಒಂದು ಮಶೀನ ಅದ.
ಒತ್ತಿದರ ನಾಲಿಗಿ ಚಾಚತದ,
ನಾಲಿಗಿ ಮ್ಯಾಲ ಹತ್ತು ರೂಪಾಯಿ ಅಂತ ಬರದಿರತದ.
ಅದನ್ನ ಹರದು ಕೊಡೋದು ನನ್ನ ನೌಕರಿ.

ಆಳಂದ ಪುರಸಭೆ, ತಹಬಜಾರಿ ವಿಭಾಗ.
ವಿಭಾಗ ಅಂದರ ನಾನು, ನನ್ನ ಸೈಕಲ್ಲು,
ಚಿಲ್ಲರ ಹಾಕೋ ಬಿಸ್ಕೀಟಿನ ಡಬ್ಬಿ.
ಬುಟ್ಟಿಗಿ ಹತ್ತು, ಗಾಡಿಗಿ ಇಪ್ಪತ್ತು,
ಟೆಂಪೋ ನಿಂತರ ಐವತ್ತು.
ಬರೇ ನೆರಳಿಗಿ ಕುಂತವರಿಗಿ ಏನೂ ಇಲ್ಲ,
ಆದರೂ ನನ್ನ ಕಂಡರ ಅವರೇ ಮೊದಲ ಏಳತಾರ.

ಮುತ್ಯಾ ಕರೋಡಗಿರಿ ನಾಕಾದಾಗ ಜವಾನ ಇದ್ದ.
ಅಕ್ಕಲಕೋಟ ದಾರಿಗಿ ಅಡ್ಡ ಒಂದು ಬಿದಿರಿನ ಗಳ.
ಆ ಕಡಿ ಕಲದಾರ ರೂಪಾಯಿ, ಈ ಕಡಿ ಹಾಲಿ.
ಬಂಡಿ ನಿಂದರಿಸಿ, ಚೀಲಕ್ಕ ದಬ್ಬಣ ಚುಚ್ಚಿ,
ತುದಿ ಮೂಸಿ ದರ ಹೇಳತಿದ್ದನಂತ:
ಬೆಲ್ಲಕ್ಕ ಒಂದು, ತಂಬಾಕಕ್ಕ ಒಂದು.
ಬಾಣಂತಿಗಿ ಒಯ್ಯೋ ಒಣಕೊಬ್ಬರಿ ಬಂದರ
ಮುತ್ಯಾಗ ನೆಗಡಿ ಬರತಿತ್ತಂತ.
ಸರಕಾರ ಹೋತು, ಗಳ ಹೋತು.
ನಾಕಾದ ಕಟ್ಟಿ ಮ್ಯಾಲ ಈಗ ಪಂಚರ್ ಅಂಗಡಿ.
ದಬ್ಬಣ ಮಾತ್ರ ನಮ್ಮ ಮನ್ಯಾಗ ಅದ,
ಗೋಣಿ ಹೊಲಿಲಿಕ್ಕ.

ಗೌರಾಬಾಯಿದು ಬಸ್‌ಸ್ಟ್ಯಾಂಡಿನ ಹಿಂದ, ಎರಡು ಫರ್ಸಿಯಷ್ಟು ಜಾಗ.
ಪುಂಡಿಪಲ್ಯ, ರಾಜಗಿರಿ,
ದಿನಮಾನ ಬಂದರ ಹಸಿ ಕಡಲಿಗಿಡ.
ಇಪ್ಪತ್ತೆರಡು ವರ್ಷ. ನನ್ನ ಮುಂಚೆ ಮೂರು ಮಂದಿ ವಸೂಲಿಯವರು.
ರೊಕ್ಕ ಕೈಯಾಗ ಕೊಡಂಗಿಲ್ಲ ಆಕಿ,
ಫರ್ಸಿ ಮ್ಯಾಲ ಇಡತಾಳ:
"ನೆಲದ ಬಾಡಗಿ ನೆಲಕ್ಕ ಕೊಟ್ಟೀನಿ, ನೀ ಎತ್ಗೋ."
ಬೋಣಿ ಆಗದ ದಿನ, ಬ್ಯಾಡ ಬಿಡು ಅಂದು
ಹಾಯ್ದು ಹೋದೆ ಒಮ್ಮಿ.
ಇಡೀ ಬಜಾರ ಕೇಳೋಹಂಗ ಒದರಿದಳು:
"ಚೀಟಿ ಕೊಡು! ಚೀಟಿ ಇಲ್ಲಂದರ
ಇವತ್ತು ನಾ ಇಲ್ಲಿ ಕುಂತೇ ಇಲ್ಲಂದಂಗ."

ಹೋದ ತಿಂಗಳು ಹುಕುಂ ಬಂತು.
ಬೀದಿ ವ್ಯಾಪಾರದವರಿಗಿ ಗುರುತಿನ ಕಾರ್ಡು,
ಹಿಂದಿನ ಐದು ವರ್ಷದ ಪುರಾವೆ ತರ್ರಿ.
ಅರ್ಜಿ ಶುಲ್ಕ ನೂರು, ನಮೂನಿಗಿ ಇಪ್ಪತ್ತು,
ಫೋಟೋ ಮ್ಯಾಲ ಸಿಕ್ಕಾ ಹೊಡಿಲಿಕ್ಕ ಮತ್ತ ಐದು.
ಗೌರಾಬಾಯಿ ತಂತಿ ತಂದಳು.
ಒಂದಲ್ಲ, ನಾಲ್ಕು.
ಕೊಕ್ಕಿಯಿಂದ ಕೊಕ್ಕಿತನ ಚುಚ್ಚಿಸಿಕೊಂಡ ದಿನಗಳು.

ಹಳೇವು ಗುಲಾಬಿ ಕಾಗದ, ಕಾರ್ಬನ್ ಅಕ್ಷರ,
ನೇರಳಿ ಸಿಕ್ಕಾ, ಮಶಾಕಸಾಬನ ಓರೆ ಸಹಿ,
ಎರಡು ರೂಪಾಯಿ, ಆಮ್ಯಾಲ ಐದು,
ನಿನ್ನೆ ಬರದಂಗ ನಿಚ್ಚಳ.
ಸಾಹೇಬರು ಅಂದರು, "ಇವು ನಡಿಯಂಗಿಲ್ಲ. ಈಚಿನವು?"
ಈಚಿನವು ನನ್ನ ಮಶೀನಿನವು.
ಪತ್ರಾಸಿನ ಮನಿ ಕಾವಿಗಿ ಏಳು ಬ್ಯಾಸಗಿ ಬೆಂದು
ಎಲ್ಲಾ ಬೆಳ್ಳಗ.
ಸಾಹೇಬರು ಹೊಳ್ಳಿಸಿ ನೋಡಿದರು, ಬೆಳಕಿಗಿ ಹಿಡಿದು ನೋಡಿದರು.
"ಇದರಾಗ ಏನೂ ಇಲ್ಲಲ್ಲ ಬಾಯಿ?"
ಆಕಿ ಅವರ ಕಡಿ ನೋಡಲಿಲ್ಲ.
"ಇವನ ಕೇಳ್ರಿ. ಇವ ಹರದು ಕೊಟ್ಟಾನ."

ನಾ ಏನು ಹೇಳಲಿ?
ಮಶೀನಿಗಿ ಮೂರು ತಿಂಗಳಷ್ಟೇ ನೆನಪು.
ಖಾತೆ ಪುಸ್ತಕದಾಗ ಒಂದೇ ಸಾಲು:
ನೆಲಬಾಡಿಗೆ ಮತ್ತು ಇತರೆ ಸ್ವೀಕೃತಿ, ಒಟ್ಟು.
ಆ ಒಟ್ಟಿನಾಗ ಗೌರಾಬಾಯಿ ಎಲ್ಲಿ ಕುಂತಾಳ,
ಯಾವ ಸೊನ್ನಿ ಹಿಂದ?
ಏನು ತಿಳೀತೋ, ಒಂದು ಬಿಳಿ ಚೀಟಿ ಬಿಡಿಸಿಕೊಂಡು
ಸಾಹೇಬರ ಎದುರಿಗೇ ಮೂಸಿದೆ.
ಹುಳಿ.
ಪುಂಡಿಯ ಹುಳಿ, ಹಸಿ ತಟ್ಟಿನ ನೀರು.
"ಇದು ಆಕಿದೇ ರೀ," ಅಂದೆ.
ಸಾಹೇಬರು ನಕ್ಕರು: ನಮೂನ್ಯಾಗ
ವಾಸನಿಗಿ ಕಾಲಂ ಇಲ್ಲ.

ನೂರಾ ಇಪ್ಪತ್ತೈದು ಎಣಿಸಿ ಮೇಜಿನ ಮ್ಯಾಲ ಇಟ್ಟಳು.
"ಇದಕ್ಕ ಪಾವತಿ ಕೊಡು," ನನಗ ಅಂದಳು,
"ಪೆನ್ನಿಲೆ ಬರದು."

ಕಾರ್ಡು ಇನ್ನಾ ಬಂದಿಲ್ಲ.
ಈಗ ಚೀಟಿ ಹರದು, ಹೊಳ್ಳಿಸಿ, ತೊಡಿ ಮ್ಯಾಲಿಟ್ಟು
ತಾರೀಖು, ಹೆಸರು, ಹತ್ತು ರೂಪಾಯಿ, ನನ್ನ ಸಹಿ.
ಒಬ್ಬೊಬ್ಬರಿಗಿ ಒಂದೊಂದು ನಿಮಿಷ ಹೆಚ್ಚಿಗಿ.
ಶೇಂಗಾದ ಹುಡುಗನೂ ಕೇಳಲಿಕತ್ತಾನ, ಬಳಿಯ ಹಸೀನಾಬಿನೂ.
ವಾರಕ್ಕೊಂದು ಪೆನ್ನು ಮುಗೀತದ.
ಅದರ ಖರ್ಚು ಯಾವ ಬಾಬತ್ತಿಗಿ ಹಾಕಬೇಕಂತ
ಇನ್ನಾ ಯಾರಿಗೂ ಕೇಳಿಲ್ಲ.